"ಪ್ರಿಂಟ್ ರೆಡಿ" ಅಂತ ಕೊಟ್ಟ ರೆಂಡರ್ ಫೈಲ್ ನಂಬೋ ಮುಂಚೆ ಇದನ್ನ ಓದಿ

ಡಿಜಿಟಲ್ ಸ್ಕಲ್ಪ್ಟಿಂಗ್ (ಕಂಪ್ಯೂಟರಲ್ಲಿ 3ಡಿ ಮಾಡೆಲ್ ಕೆತ್ತೋದು) ಮಾಡೋರು ಯಾರಾದ್ರೂ ನಿಮ್ಮ ಮಾಡೆಲ್‌ನ ದೊಡ್ಡ ಸೈಜಲ್ಲಿ ಪ್ರಿಂಟ್ ಹಾಕಿಸೋಕೆ ಅಂತ ರೆಂಡರ್ ಕೆಲಸ, ಅಂದ್ರೆ ಮಾಡೆಲಿಂದ ಚಿತ್ರ ತೆಗೆಯೋ ಕೆಲಸ, ಹೊರಗಡೆ ಕೊಡ್ತಾ ಇದ್ರೆ, ದಯವಿಟ್ಟು ಇದನ್ನ ಓದಿ ಆಮೇಲೆ ದುಡ್ಡು ಕಳಿಸಿ. ಫೈಲ್ ಪ್ರಾಪರ್ಟೀಸಲ್ಲಿ ಪಿಕ್ಸೆಲ್ ಲೆಕ್ಕ ಸರಿಯಾಗಿದೆ ಅಂದ ಮಾತ್ರಕ್ಕೆ ಅಷ್ಟೂ ಪಿಕ್ಸೆಲ್ ನಿಜವಾಗಿ ರೆಂಡರ್ ಆಗಿವೆ ಅಂತಲ್ಲ.

ಝಡ್‌ಬ್ರಷ್ ಅನ್ನೋ 3ಡಿ ಕೆತ್ತನೆ ಸಾಫ್ಟ್‌ವೇರಲ್ಲಿ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖ ಒಂದು ಮಾಡಿದ್ದೆ, ಕಿರೀಟ ಸಮೇತ. ಬಣ್ಣದ ವೇಷ ಹತ್ತಿರದಿಂದ ನೋಡಿದವರಿಗೆ ಗೊತ್ತು, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಚಿಟ್ಟಿ ಇಡ್ತಾರೆ, ಚೌಕಿಯಲ್ಲಿ (ವೇಷ ಕಟ್ಟೋ ಕೋಣೆಯಲ್ಲಿ) ಗಂಟೆಗಟ್ಟಲೆ ಕೂತು ಒಂದೊಂದೇ ಮುಳ್ಳು ಎಬ್ಬಿಸ್ತಾರೆ, ಆ ವೇಷದ ಜೀವ ಇರೋದೇ ಅಲ್ಲಿ. ನಾನೂ ಅಷ್ಟೇ ಶ್ರದ್ಧೆಯಿಂದ ಒಂದೊಂದು ಚಿಟ್ಟಿನೂ ಬೇರೆಬೇರೆ ಕಾಣೋ ಥರ ಕೆತ್ತಿದ್ದೆ. ನಮ್ಮೂರಿನ ಆಟದ ದಿನ ಬಾಗಿಲ ಹತ್ತಿರ ಹಾಕೋಕೆ 24 ಬೈ 36 ಇಂಚಿನ ಪೋಸ್ಟರ್ ಬೇಕಿತ್ತು. ಅಷ್ಟು ಭಾರದ ಮಾಡೆಲ್ ನನ್ನ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗೆ ಹಿಡಿಯಲ್ಲ, ಅದಕ್ಕೆ ಆನ್‌ಲೈನಲ್ಲಿ ರೆಂಡರ್ ಸರ್ವಿಸ್ ಕೊಡೋ ಒಬ್ಬರ ಹತ್ತಿರ ಮಾತಾಡಿ ಅರ್ಧ ಅಡ್ವಾನ್ಸ್ ಕೊಟ್ಟೆ. "ಸರ್ ಪಕ್ಕಾ 300 ಡಿಪಿಐ, ಪ್ರಿಂಟ್ ರೆಡಿ ಕೊಡ್ತೀವಿ, ಟೆನ್ಷನ್ ಬೇಡ" ಅಂದ್ರು.

ಲೆಕ್ಕ ಸುಲಭ, ಡಿಪಿಐ ಅಂದ್ರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಅಂತ. ಇಂಚು ಗುಣಿಸು 300, ಅಂದ್ರೆ 7200 ಬೈ 10800 ಪಿಕ್ಸೆಲ್. ಬಂದ ಫೈಲೂ ಕರೆಕ್ಟಾಗಿ ಅಷ್ಟೇ ಇತ್ತು. ಮೊಬೈಲಲ್ಲಿ ನೋಡಿದ್ರೆ ಸೂಪರ್, ಲ್ಯಾಪ್‌ಟಾಪ್ ಸ್ಕ್ರೀನಿಗೆ ಫಿಟ್ ಮಾಡಿ ನೋಡಿದ್ರೂ ಸೂಪರ್. ಪ್ರಿಂಟ್ ಆಗಿ ಬಂದಾಗ ಮಾತ್ರ ಎದೆ ಒಡೆದುಹೋಯ್ತು. ಕೆನ್ನೆ ಮೇಲಿನ ಚಿಟ್ಟಿ ಎಲ್ಲಾ ಮೇಣ ಕರಗಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿದೆ, ಹಣೆ ಹತ್ತಿರ ನಾನು ಮಾಡೇ ಇಲ್ಲದ ಏನೋ ಗೆರೆಗಳು ಹುಟ್ಟಿವೆ, ಕಿರೀಟದ ಮಣಿಗಳಲ್ಲಿ ಅರ್ಧದಷ್ಟು ಚಪ್ಪಟೆ. ಪ್ರೆಸ್ಸಿನವರ ಮೇಲೆ ರೇಗೋಕೆ ಹೋದ್ರೆ ಅವರು ಪಾಪ ಫೈಲನ್ನ 100 ಪರ್ಸೆಂಟ್ ಝೂಮ್ ಮಾಡಿ ತೋರಿಸಿದ್ರು, "ನೋಡಿ ಸರ್, ನೀವು ಕೊಟ್ಟಿದ್ದರಲ್ಲೇ ಹೀಗಿದೆ." ಹೌದು, ಹಾಗೇ ಇತ್ತು.

ಆಮೇಲೆ ರೆಂಡರ್ ಮಾಡಿದವರ ಹತ್ತಿರ ಒರಿಜಿನಲ್ ಇಎಕ್ಸ್‌ಆರ್ ಫೈಲ್ (ರೆಂಡರ್ ಸಾಫ್ಟ್‌ವೇರಿಂದ ನೇರವಾಗಿ ಉಳಿಸಿಕೊಳ್ಳೋ ಚಿತ್ರದ ಫೈಲ್) ಕೇಳಿದೆ. ಒಂದಿಷ್ಟು ದಿನ ಸತಾಯಿಸಿ ಕೊನೆಗೆ ಕಳಿಸಿದ್ರು, ಅದು 1800 ಬೈ 2700! ಅಂದ್ರೆ ರೆಂಡರ್ ಆಗಿದ್ದು 48 ಲಕ್ಷ ಚಿಲ್ಲರೆ ಪಿಕ್ಸೆಲ್, ನನಗೆ ಕೊಟ್ಟಿದ್ದು ಹತ್ತಿರ ಹತ್ತಿರ 7 ಕೋಟಿ 78 ಲಕ್ಷ, ಮಧ್ಯದ್ದೆಲ್ಲಾ ಎಐ ಅಪ್‌ಸ್ಕೇಲರ್ (ಚಿಕ್ಕ ಚಿತ್ರ ಹಿಗ್ಗಿಸೋ ಸಾಫ್ಟ್‌ವೇರ್) ತನಗೆ ತೋಚಿದ ಹಾಗೆ ತುಂಬಿಸಿದ್ದು. ಉದ್ದಕ್ಕೂ ಅಗಲಕ್ಕೂ ನಾಲ್ಕು ಪಟ್ಟು ಅಂದ್ರೆ ಒಟ್ಟು 16 ಪಟ್ಟು ಪಿಕ್ಸೆಲ್, ರೆಂಡರ್ ಟೈಮೂ ಸುಮಾರು ಅಷ್ಟೇ ಜಾಸ್ತಿ, ಆ ಟೈಮ್ ಉಳಿಸೋಕೆ ಈ ಕೆಲಸ. ಸಾಲದ್ದಕ್ಕೆ ಸ್ಯಾಂಪಲ್ (ಒಂದೊಂದು ಪಿಕ್ಸೆಲಿಗೆ ಬೆಳಕು ಲೆಕ್ಕ ಹಾಕೋ ಸಲ) ಕಡಿಮೆ ಇಟ್ಟು, ಅದರಿಂದ ಬರೋ ನಾಯ್ಸ್ ಅನ್ನೋ ಕಾಳುಕಾಳು ಒರೆಸೋ ಡಿನಾಯ್ಸರ್ ಹಾಕಿದ್ರು. ಸ್ಯಾಂಪಲ್ ಕಡಿಮೆ ಇದ್ದಾಗ ಡಿನಾಯ್ಸರಿಗೆ ಯಾವುದು ನಾಯ್ಸ್, ಯಾವುದು ಚರ್ಮದ ಸಣ್ಣ ಸಣ್ಣ ಗುಳಿ ಅಂತ ಸರಿಯಾಗಿ ಗೊತ್ತಾಗಲ್ಲ, ಎರಡನ್ನೂ ಒರೆಸಿಹಾಕುತ್ತೆ. ಸೀನ್ ಫೈಲ್ ತರಿಸಿ ನೋಡಿದ್ರೆ ಮಾಡೆಲನ್ನೇ ಡೆಸಿಮೇಟ್ ಮಾಡಿ ಪಾಲಿಗಾನ್ (ಮೇಲ್ಮೈ ಕಟ್ಟೋ ಸಣ್ಣ ಸಣ್ಣ ತುಂಡುಗಳ) ಲೆಕ್ಕ ಇಳಿಸಿದ್ರು, ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್ (ಮೇಲ್ಮೈಯ ಉಬ್ಬುತಗ್ಗು ಹೇಳೋ ಚಿತ್ರ) 32 ಬಿಟ್ ಕೊಟ್ಟಿದ್ದನ್ನ 8 ಬಿಟ್ ಮಾಡಿದ್ರು. 8 ಬಿಟ್ಟಲ್ಲಿ ಇರೋದೇ 256 ಮಟ್ಟ, ನಯವಾದ ಕೆನ್ನೆ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣೋಕೆ ಅಷ್ಟು ಸಾಕು.

ಇಲ್ಲಿ ಇನ್ನೊಂದು ಮಾತು, ಇದು ಎಷ್ಟೋ ಜನಕ್ಕೆ ಯಾರೂ ಹೇಳಲ್ಲ. ಫೋಟೋಶಾಪಲ್ಲಿ ರೀಸ್ಯಾಂಪಲ್ (ಪಿಕ್ಸೆಲ್ ಲೆಕ್ಕ ಬದಲಾಯಿಸೋ ಆಯ್ಕೆ) ಆಫ್ ಇಟ್ಟು 72 ಇದ್ದಿದ್ದನ್ನ 300 ಅಂತ ಬದಲಾಯಿಸಿದ್ರೆ ಒಂದು ಪಿಕ್ಸೆಲ್ಲೂ ಹೆಚ್ಚಾಗಲ್ಲ, ಪ್ರಿಂಟ್ ಸೈಜ್ ಅಷ್ಟೇ ಚಿಕ್ಕದಾಗೋದು. ಆದ್ದರಿಂದ "300 ಡಿಪಿಐ ಕೊಡ್ತೀವಿ" ಅನ್ನೋ ಮಾತಿಗೆ ಸೈಜ್ ಹೇಳದೆ ಅರ್ಥವೇ ಇಲ್ಲ. ಪಿಕ್ಸೆಲಲ್ಲೇ ಮಾತಾಡಿ, "ಇಷ್ಟು ಬೈ ಇಷ್ಟು ನೇಟಿವ್ ರೆಂಡರ್, ಅಪ್‌ಸ್ಕೇಲ್ ಬೇಡ" ಅಂತ ಬರೆದೇ ಕಳಿಸಿ. ಬಜೆಟ್ ಸಾಲಲ್ಲ ಅಂದ್ರೆ ನೇರವಾಗಿ 150ರ ಲೆಕ್ಕದಲ್ಲಿ ಮಾಡಿಸಿ. ಈ ಸೈಜಿಗೆ 3600 ಬೈ 5400 ಆಗುತ್ತೆ, ನಾಲ್ಕೈದು ಅಡಿ ದೂರದಿಂದ ನೋಡೋ ಪೋಸ್ಟರಿಗೆ ಧಾರಾಳ ಸಾಕು. ಸುಳ್ಳು 300ಕ್ಕಿಂತ ನಿಜವಾದ 150 ಎಷ್ಟೋ ಮೇಲು ಅಂತ ಈಗ ನನ್ನ ಗಟ್ಟಿ ಅಭಿಪ್ರಾಯ.

ಬಣ್ಣದಲ್ಲೂ ಹೊಡೆತ ಬಿತ್ತು. ಸ್ಕ್ರೀನಲ್ಲಿ ಉರಿಯೋ ಕೆಂಪು ಸಿಎಂವೈಕೆಗೆ (ಪ್ರಿಂಟಿನ ನಾಲ್ಕು ಇಂಕಿನ ಬಣ್ಣಕ್ಕೆ) ಬಂದಾಗ ಮಂಕಾಗುತ್ತೆ, ಅದು ಇಂಕಿನ ಮಿತಿ, ಯಾರನ್ನೂ ಬೈಯೋ ಹಾಗಿಲ್ಲ, ಆದ್ರೆ ಪ್ರೆಸ್ಸಿನವರ ಹತ್ತಿರ ಅವರ ಕಲರ್ ಪ್ರೊಫೈಲ್ ಇಸ್ಕೊಂಡು ಸಾಫ್ಟ್ ಪ್ರೂಫ್, ಅಂದ್ರೆ ಪ್ರಿಂಟಲ್ಲಿ ಬಣ್ಣ ಹೇಗೆ ಬರುತ್ತೆ ಅಂತ ಸ್ಕ್ರೀನಲ್ಲೇ, ನೋಡಬಹುದು. "ಪ್ರಿಂಟ್ ರೆಡಿ" ಅಂತ ದುಡ್ಡು ತಗೊಂಡವರು ಅದನ್ನೂ ಮಾಡಿರಲಿಲ್ಲ.

ಈಗ ಮುಖ್ಯ ವಿಷಯ. ಪೂರ್ತಿ ರೆಂಡರ್ ಶುರು ಮಾಡೋಕೆ ಮುಂಚೆ ರೀಜನ್ ರೆಂಡರ್ ಕೇಳಿ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಲ್ಲಿ ಕ್ಯಾಮೆರಾ ವ್ಯೂನಲ್ಲಿ ಕಂಟ್ರೋಲ್ ಬಿ ಒತ್ತಿ ಒಂದು ಚೌಕ ಎಳೆದ್ರೆ ಅಷ್ಟು ಜಾಗ ಮಾತ್ರ ಫುಲ್ ರೆಸಲ್ಯೂಷನಲ್ಲಿ ರೆಂಡರ್ ಆಗುತ್ತೆ, ಟೈಮೂ ಪೂರ್ತಿ ರೆಂಡರಿಗಿಂತ ಎಷ್ಟೋ ಕಡಿಮೆ. ನಿಮ್ಮ ಮಾಡೆಲಲ್ಲಿ ಅತೀ ಸೂಕ್ಷ್ಮ ಕೆಲಸ ಎಲ್ಲಿದೆಯೋ ಆ ಜಾಗ ನೀವೇ ಆರಿಸಿ, ಅವರಿಗೆ ಬಿಡಬೇಡಿ. ಆ ತುಂಡನ್ನ ವಾಟ್ಸಾಪಲ್ಲಿ ಫೋಟೋ ಥರ ಕಳಿಸಬೇಡಿ ಅನ್ನಿ, ಕುಗ್ಗಿ ಬರುತ್ತೆ, ಡ್ರೈವಲ್ಲಿ ಹಾಕಿಸಿ. ಅದನ್ನ ಎ4 ಹಾಳೆಯಲ್ಲಿ ಫೈನಲ್ ಸೈಜಿಗೇ ಪ್ರಿಂಟ್ ತೆಗೆಸಿ ಕೈಯಲ್ಲಿ ಹಿಡಿದು ನೋಡಿ. ಕೊನೆಗೆ ಪೂರ್ತಿ ಫೈಲ್ ಬಂದಾಗ ಅದೇ ಜಾಗ ಝೂಮ್ ಮಾಡಿ ಈ ತುಂಡಿನ ಪಕ್ಕ ಇಟ್ಟು ಹೋಲಿಸಿ, ಜೊತೆಗೆ ಇಎಕ್ಸ್‌ಆರ್ ಕೈಗೆ ಬಂದ ಮೇಲಷ್ಟೇ ಬಾಕಿ ದುಡ್ಡು ಕೊಡಿ. ಇಎಕ್ಸ್‌ಆರ್ ಕೊಡಲ್ಲ ಅಂತ ಮೊದಲೇ ಹೇಳಿದ್ರೆ ಆ ಕಡೆ ಹೋಗಲೇಬೇಡಿ.

ನನ್ನ ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ, ಬಾಕಿ ಅರ್ಧ ನಾನು ಕೊಟ್ಟಿಲ್ಲ, ಕೊಡೋದೂ ಇಲ್ಲ. ಪ್ರಿಂಟಿನ ಖರ್ಚು ಪೂರ್ತಿ ನನ್ನ ತಲೆ ಮೇಲೆ. ಸ್ನೇಹಿತನ ಸಿಸ್ಟಮಲ್ಲಿ 3600 ಬೈ 5400ಕ್ಕೆ ಮತ್ತೆ ಹಾಕಿದೀನಿ, ಕೆನ್ನೆಯ ತುಂಡು ರೆಂಡರ್ ಆಗಿದೆ, ಚಿಟ್ಟಿ ಒಂದೊಂದೂ ಬಿಡಿಬಿಡಿಯಾಗಿ ಎಣಿಸೋ ಹಾಗೆ ಬಂದಿದೆ.