ಗೋವಾ ಹಾಯಿದೋಣಿ ಪ್ರವಾಸ: ಹೋಗುವಾಗ ಒಂದು ಸಮುದ್ರ, ಬರುವಾಗ ಇನ್ನೊಂದು

ದಾವಣಗೆರೆಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಜನವರಿಯಲ್ಲಿ ಮೂರು ದಿನ ಬಾಗಿಲು ಹಾಕಿ, ಹೆಂಡತಿ ಮಗಳ ಜೊತೆ ಹಾಯಿದೋಣಿ ಪ್ರವಾಸಕ್ಕೆ ಹೋಗಿದ್ದೆ. ಪಣಜಿಯಿಂದ ದಕ್ಷಿಣಕ್ಕೆ ಪಾಲೊಲೆಮ್ ಬೀಚ್, ಒಂದು ದಿನ ಅಲ್ಲಿದ್ದು ಅದೇ ದೋಣಿಯಲ್ಲಿ ವಾಪಸ್. ದೋಣಿ ಚೊಕ್ಕವಾಗಿತ್ತು. ಲೈಫ್ ಜಾಕೆಟ್ ಅಳತೆ ನೋಡಿ ಕೊಟ್ಟರು. ಮೀನು ತಿನ್ನದ ನಮಗೆ ಅನ್ನ ಸಾರು ಮಾಡಿದರು. ಇದರಲ್ಲೆಲ್ಲ ಕೊರತೆ ಇಲ್ಲ. ನಾನು ಬರೆಯುತ್ತಿರುವುದು ಎದುರುಗಾಳಿಯ ಬಗ್ಗೆ.

ದಾರಿ ಸುಮಾರು 32 ನಾಟಿಕಲ್ ಮೈಲಿ, ಅಂದರೆ 60 ಕಿಲೋಮೀಟರ್ ಹತ್ತಿರ. ಆ ತಿಂಗಳುಗಳಲ್ಲಿ ಅಲ್ಲಿ ಮಧ್ಯಾಹ್ನದ ಗಾಳಿ ವಾಯುವ್ಯದಿಂದ ಬೀಸುತ್ತದೆ. ಹೋಗುವಾಗ ಅದು ಬೆನ್ನಿಗಿತ್ತು. ಆರು ಗಂಟೆಯಲ್ಲಿ ತಲುಪಿದೆವು. ಮನೆಯಿಂದ ತಂದ ಖಾರಾ ಮಂಡಕ್ಕಿ ಪೇಪರ್ ಮೇಲೆ ಹರವಿಕೊಂಡು ತಿಂದೆವು, ಒಂದು ಕಾಳೂ ಹಾರಲಿಲ್ಲ.

ಬರುವಾಗ ಹನ್ನೊಂದು ಗಂಟೆ ಬೇಕಾಯಿತು. ಹಾಯಿದೋಣಿ ಗಾಳಿಗೆ ನೇರ ಮುಖ ಮಾಡಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಸ್ವಲ್ಪ ದೂರ ಎಡಕ್ಕೆ, ಆಮೇಲೆ ತಿರುಗಿಸಿ ಬಲಕ್ಕೆ, ಹೀಗೆ ಅಂಕುಡೊಂಕಾಗಿ ಹೋಗಬೇಕು. ಹತ್ತು ಮೈಲಿಯ ದಾರಿ ಹದಿನಾಲ್ಕಾಗುತ್ತದೆ. ಗಾಳಿ ಮಾತ್ರ ಅಷ್ಟೇ, 12 ನಾಟ್, ಅಂದರೆ ಗಂಟೆಗೆ 22 ಕಿಲೋಮೀಟರ್ ಹತ್ತಿರ. ಹೋಗುವಾಗ ದೋಣಿಯೂ ಅದರ ಜೊತೆಗೇ ಓಡುವುದರಿಂದ ಮೈಗೆ ತಾಗುವುದು 7ರಷ್ಟು. ಎದುರಾದರೆ ಅದೇ 16ರಷ್ಟಾಗುತ್ತದೆ. ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡೇ ಹೋಗುತ್ತದೆ. ಪ್ರತಿ ಅಲೆಗೂ ಮೂತಿ ಎದ್ದು, ಅಕ್ಕಿ ಮೂಟೆ ನೆಲಕ್ಕೆ ಎತ್ತಿಹಾಕಿದ ಹಾಗೆ ದಬ್ ಎಂದು ಬೀಳುತ್ತದೆ. ಹೆಂಡತಿ ಚಳಿ ಅಂತ ಕೆಳಗಿನ ಕೋಣೆಗೆ ಹೋದಳು, ಅಲ್ಲೇ ಹೊಟ್ಟೆ ತೊಳಸಿ ವಾಂತಿ ಶುರುವಾಯಿತು. ಚಾಲಕ ಮೇಲೆ ಕರೆದು ಹಿಂಭಾಗದಲ್ಲಿ ಕೂರಿಸಿ, "ಅಕ್ಕಾ, ನೀರು ಆಕಾಶ ಸೇರೋ ಗೆರೆ ನೋಡ್ತಾ ಇರಿ" ಅಂದ. ಸ್ವಲ್ಪ ಸುಧಾರಿಸಿತು, ಅಷ್ಟೆ.

ಆದರೆ ಅದೇ ಹೊತ್ತಿನಲ್ಲಿ ನನ್ನ ಮಗಳು ಚುಕ್ಕಾಣಿ ಹಿಡಿದಿದ್ದಳು. ಹಾಯಿಗೆ ಎರಡೂ ಕಡೆ ಉಲ್ಲನ್ ದಾರದ ತುಂಡು ಅಂಟಿಸಿರುತ್ತಾರೆ. ಎರಡೂ ನೇರವಾಗಿ ಹಿಂದಕ್ಕೆ ಹಾರುತ್ತಿದ್ದರೆ ಸರಿ. ಒಂದು ತಡಬಡಿಸಿದರೆ ಚಕ್ರ ಒಂದೆರಡು ಬೆರಳಿನಷ್ಟು ತಿರುಗಿಸಬೇಕು. ಅರ್ಧ ಗಂಟೆ ಅವಳು ಆ ದಾರ ಬಿಟ್ಟು ಬೇರೇನೂ ನೋಡಲಿಲ್ಲ. ಹೋಗುವಾಗ ಗಾಳಿ ನಮ್ಮನ್ನು ಸುಮ್ನೆ ತಳ್ಳಿಕೊಂಡು ಹೋಗಿತ್ತು. ಬರುವಾಗ ನಾವು ನಡೆಸಿದೆವು. "ಗಾಳಿ ಎದುರಿಂದ ಬಂದರೆ ದೋಣಿ ಮುಂದಕ್ಕೆ ಹೇಗಪ್ಪಾ ಹೋಗುತ್ತೆ?" ಅಂದಳು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ನೆನಪಿಸಿದೆ. ಅದರ ರೆಕ್ಕೆ ಗಾಳಿಗೆ ಅಡ್ಡವಾಗಿ ತಿರುಗುತ್ತದೆ, ಗಾಳಿಯ ಜೊತೆ ಹಿಂದಕ್ಕೆ ಹೋಗಲ್ಲ ಅಲ್ವಾ? ಹಾಯಿಯೂ ಅಂಥದ್ದೇ ಬಾಗಿದ ರೆಕ್ಕೆ. ಪಕ್ಕಕ್ಕೆ ಜಾರದಂತೆ ಕೀಲ್, ಅಂದರೆ ದೋಣಿಯ ತಳದಿಂದ ನೀರಿನೊಳಗೆ ಇಳಿದಿರುವ ಹಲಗೆಯಂಥ ಭಾಗ, ತಡೆಯುತ್ತದೆ, ಉಳಿದ ಬಲ ಮುಂದಕ್ಕೆ. ಇಪ್ಪತ್ತು ವರ್ಷದಿಂದ ಫ್ಯಾನು ಮೋಟಾರು ಬಿಚ್ಚುತ್ತಿದ್ದೇನೆ, ಈ ಮಾತು ಕೈಗೆ ತಾಗಿ ಅರ್ಥವಾದದ್ದು ಹಾಯಿಯ ಹಗ್ಗ ಹಿಡಿದಾಗಲೇ.

ನನಗೆ ಬೇಸರವಾದದ್ದು ಒಂದಕ್ಕೆ. ಮುಂಜಾನೆ ಅಲ್ಲಿ ನೆಲದ ಕಡೆಯಿಂದ, ಪೂರ್ವದ ಗಾಳಿ ಇರುತ್ತದೆ. ಐದಕ್ಕೇ ಹೊರಟಿದ್ದರೆ ಅದು ಬಲಗಡೆಯಿಂದ ಸಿಗುತ್ತಿತ್ತು, ಅರ್ಧ ದಾರಿ ಆರಾಮವಾಗಿ ಮುಗಿಯುತ್ತಿತ್ತು. ಚಾಲಕನಿಗೆ ಇದು ಗೊತ್ತಿತ್ತು, ಹೇಳಿಯೂ ಹೇಳಿದ. ಕಂಪನಿಯ ಪಟ್ಟಿಯಲ್ಲಿ ಮಾತ್ರ ತಿಂಡಿ ಆದ ಮೇಲೆ, ಒಂಬತ್ತಕ್ಕೆ ಎಂದಿತ್ತು. ದುಡ್ಡು ಕಟ್ಟುವಾಗ ವಾಪಸ್ ದಾರಿ ಎದುರುಗಾಳಿ ಎಂದು ಯಾರೂ ಒಂದು ಮಾತು ಹೇಳಲಿಲ್ಲ. ಇದು ತಪ್ಪು. ಹೇಳಿದ್ದರೆ ಹೆಂಡತಿಗೆ ಡಾಕ್ಟರ್ ಕೇಳಿ ಮೊದಲೇ ಮಾತ್ರೆ ಕೊಡಿಸುತ್ತಿದ್ದೆ.

ಹಾಗಾದರೆ ಈ ಕಷ್ಟಕ್ಕೆ ಬೆಲೆ ಇದೆಯಾ? ಎರಡು ಮೂರು ಗಂಟೆಯ ಎದುರುಗಾಳಿಗೆ ಖಂಡಿತ ಇದೆ. ದೊಡ್ಡ ಮಕ್ಕಳಿದ್ದರೆ ಬಿಡಲೇಬೇಡಿ. ಹನ್ನೊಂದು ಗಂಟೆ ಜಾಸ್ತಿಯಾಯಿತು. ವಯಸ್ಸಾದವರು ಜೊತೆಗಿದ್ದರೆ ಗಾಳಿ ಬೆನ್ನಿಗಿರುವ ದಿನವಷ್ಟೇ ಹೋಗಿ.

ಮುಂದಿನ ಜನವರಿಗೆ ಮತ್ತೆ ಹೋಗಬೇಕು ಅಂದುಕೊಂಡಿದ್ದೇವೆ. ಬೆಳಿಗ್ಗೆ ಐದಕ್ಕೆ ಬಿಡುತ್ತೇವೆ ಎಂದು ಬರೆದುಕೊಟ್ಟ ಮೇಲೆಯೇ ಮುಂಗಡ. ಬರುವಾಗ ಮಗಳು ನಾನು ದೋಣಿಯಲ್ಲಿ, ಹೆಂಡತಿ ಪಾಲೊಲೆಮ್ ಹತ್ತಿರದ ಕಾಣಕೋಣದಿಂದ ರೈಲಿನಲ್ಲಿ.