ಹಳೇ ಟ್ರ್ಯಾಪ್ ಗನ್ ಕೊಳ್ಳೋರೇ, ನಳಿಗೆಯ ಬಾಯಿ ಅಳೆಯದೆ ಅಡ್ವಾನ್ಸ್ ಕೊಡಬೇಡಿ

ಕ್ಲೇ ಟಾರ್ಗೆಟ್ (ಗಾಳಿಗೆ ಹಾರಿಸೋ ಬಿಲ್ಲೆ) ಹೊಡೆಯೋಕೆ ಅಂತ ಸೆಕೆಂಡ್ ಹ್ಯಾಂಡ್ ಓವರ್-ಅಂಡರ್ (ಒಂದರ ಮೇಲೊಂದು ಎರಡು ನಳಿಗೆಯ ಕೋವಿ) ಹುಡುಕ್ತಿರೋರು ಇದನ್ನ ಪೂರ್ತಿ ಓದಿ. ನನಗೆ ಕೋವಿ ಮಾರಿದ ಅಂಗಡಿಯ ಹೆಸರು ಹಾಕಲ್ಲ. ವ್ಯವಹಾರ ಇನ್ನೂ ಮುಗಿದಿಲ್ಲ.

"ಟ್ರ್ಯಾಪ್ ಗನ್ ಸಾರ್, ಇಟಲಿ ಮಾಲು, 12 ಬೋರ್, 28 ಇಂಚು. ಮೇಲಿನದು ಫುಲ್ ಚೋಕ್, ಕೆಳಗಿನದು ಇಂಪ್ರೂವ್ಡ್ ಮಾಡಿಫೈಡ್." ಹೀಗೆ ಹೇಳಿ ಕೊಟ್ಟ ಕೋವಿಯಲ್ಲಿ ಚೋಕೇ ಇಲ್ಲ. ಚೋಕ್ ಅಂದ್ರೆ ಚರೆ ಚದುರದ ಹಾಗೆ ನಳಿಗೆಯ ತುದಿಯನ್ನ ಬಿಗಿ ಮಾಡಿರೋದು; ಫುಲ್ ಅತಿ ಬಿಗಿ, ಇಂಪ್ರೂವ್ಡ್ ಮಾಡಿಫೈಡ್ ಅದಕ್ಕಿಂತ ಸ್ವಲ್ಪ ಸಡಿಲ. ಮೇಲಿನದರಲ್ಲೂ ಇಲ್ಲ, ಕೆಳಗಿನದರಲ್ಲೂ ಇಲ್ಲ. ಎರಡು ನೀರಿನ ಪೈಪು.

ಹೇಗೆ ನಂಬಿಸ್ತಾರೆ ಅಂದ್ರೆ, ಫೋರ್-ಎಂಡ್ (ನಳಿಗೆ ಕೆಳಗಿನ ಮರದ ಹಿಡಿ) ಬಿಚ್ಚಿ, ನಳಿಗೆ ಕಳಚಿ, ತಳದ ಮುದ್ರೆಗಳನ್ನ ಟಾರ್ಚ್ ಹಾಕಿ ತೋರಿಸ್ತಾರೆ. ಇಟಲಿ ಕೋವಿಗಳಲ್ಲಿ ಚೋಕನ್ನ ನಕ್ಷತ್ರದಲ್ಲಿ ಗುರುತು ಮಾಡಿರ್ತಾರೆ: ಒಂದು ನಕ್ಷತ್ರ ಫುಲ್, ಎರಡು ಇಂಪ್ರೂವ್ಡ್ ಮಾಡಿಫೈಡ್, ಮೂರು ಮಾಡಿಫೈಡ್, ನಾಲ್ಕು ಇಂಪ್ರೂವ್ಡ್ ಸಿಲಿಂಡರ್. ಇದರಲ್ಲೂ ಒಂದು ಮತ್ತು ಎರಡು, ಅಚ್ಚುಕಟ್ಟಾಗಿ ಇದ್ದವು. ಪಕ್ಕದಲ್ಲೇ 12-70, ಅಂದ್ರೆ 70 ಮಿ.ಮೀ. ಚೇಂಬರ್ (ತೋಟಾ ಕೂರೋ ಜಾಗ). ಬೋರಿನ, ಅಂದ್ರೆ ನಳಿಗೆಯ ಒಳವ್ಯಾಸದ, ಅಳತೆ 18.4 ಮಿ.ಮೀ. ಮುದ್ರೆ ಒಂದೂ ಸುಳ್ಳಲ್ಲ, ಫ್ಯಾಕ್ಟರಿಯದ್ದೇ. ಆದ್ರೆ ಮುದ್ರೆ ಇರೋದು ಹಿಂದೆ, ಚೋಕ್ ಇರೋದು ಮುಂದಿನ ಎರಡು-ಮೂರು ಇಂಚಿನಲ್ಲಿ. 30 ಇಂಚಿನ ನಳಿಗೆಯನ್ನ ಯಾರೋ 28ಕ್ಕೆ ಕತ್ತರಿಸಿದ್ದಾರೆ. ಚೋಕ್ ಆ ತುಂಡಿನ ಜೊತೆ ಹೋಯ್ತು. ನಕ್ಷತ್ರ ಮಾತ್ರ ಉಳಿದಿದೆ.

ರೇಂಜ್‌ನಲ್ಲಿ ಒಬ್ಬರು ಸುಮ್ಮನೆ ವರ್ನಿಯರ್ (ವ್ಯಾಸ ಅಳೆಯೋ ಕ್ಯಾಲಿಪರ್) ತೆಗೆದು ಬಾಯಿಗೆ ಇಟ್ರು. 18.4. ಕೆಳಗಿನದು 18.4. ಬೋರ್ 18.4 ಇದ್ದ ಮೇಲೆ ಫುಲ್ ಚೋಕಿನ ಬಾಯಿ ಹೆಚ್ಚುಕಡಿಮೆ 17.4 ಇರಬೇಕು, ಒಂದು ಮಿ.ಮೀ. ಬಿಗಿ. ಎರಡು ನಕ್ಷತ್ರದ್ದು ಮುಕ್ಕಾಲು ಮಿ.ಮೀ. ಬಿಗಿ. ಸುತ್ತ ನಿಂತಿದ್ದವರು ಏನೂ ಮಾತಾಡಲಿಲ್ಲ. ಅದೇ ಹೆಚ್ಚು ಚುಚ್ಚಿದ್ದು. ಆಮೇಲೆ ನೋಡಿದ್ರೆ ಎಲ್ಲ ಕಣ್ಣೆದುರಿಗೇ ಇದೆ! ಫ್ಯಾಕ್ಟರಿ ಕೋವಿಯಲ್ಲಿ ಗುರಿ ನೋಡೋ ಮುಂದಿನ ಮಣಿಯ ಕೆಳಗೆ ರಿಬ್ಬಿಗೆ (ನಳಿಗೆ ಮೇಲಿನ ಉದ್ದ ಪಟ್ಟಿಗೆ) ಗಟ್ಟಿ ಕಂಬ ಇರುತ್ತೆ. ಇದರಲ್ಲಿ ಮಣಿ ಕೆಳಗೆ ಬರೀ ಕಿಂಡಿ. ಎರಡು ನಳಿಗೆಯ ನಡುವೆ ಬೆಸುಗೆ ಹೊಸದು. ಬಾಯಿ ಅಂಚಿನ ಕಪ್ಪು ಬಣ್ಣವೇ ಬೇರೆ.

ಇದರಿಂದ ಏನಾಗುತ್ತೆ ಅಂತ ಕೇಳೋರಿಗೆ: ಒಲಿಂಪಿಕ್ ಟ್ರ್ಯಾಪ್‌ನಲ್ಲಿ ನಾವು ನಿಲ್ಲೋದು ಬಿಲ್ಲೆ ಹಾರಿಸೋ ಬಂಕರಿನಿಂದ 15 ಮೀಟರ್ ಹಿಂದೆ. ಬಿಲ್ಲೆ ನಮ್ಮಿಂದ ದೂರ ಓಡುತ್ತೆ. ಮೊದಲ ಈಡು ಮುಟ್ಟೋ ಹೊತ್ತಿಗೆ 30 ಮೀಟರ್ ದಾಟಿರುತ್ತೆ, ಎರಡನೇದಕ್ಕೆ 40ರ ಹತ್ತಿರ. ತೋಟಾದಲ್ಲಿ ಇರೋದೇ 24 ಗ್ರಾಂ ಚರೆ, ಅದಕ್ಕಿಂತ ಹೆಚ್ಚು ಹಾಕೋ ಹಾಗಿಲ್ಲ. 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಫುಲ್ ಚೋಕ್ ನೂರಕ್ಕೆ 70 ಚರೆ ಕೂರಿಸುತ್ತೆ, ಚೋಕ್ ಇಲ್ಲದ ನಳಿಗೆ 40. ಉಳಿದದ್ದು ಗಾಳಿಗೆ. 110 ಮಿ.ಮೀ. ಬಿಲ್ಲೆ ಅಂಚು ತೋರಿಸಿಕೊಂಡು ಹೋಗ್ತಿರುವಾಗ ಆ ಖಾಲಿ ಜಾಗದಲ್ಲಿ ಆರಾಮಾಗಿ ತೂರಿಹೋಗುತ್ತೆ. ಗುರಿ ಸರಿ ಇದ್ರೂ ಅಷ್ಟೇ. ಜೊತೆಗೆ, ಕತ್ತರಿಸಿ ಮತ್ತೆ ಬೆಸೆದ ನಳಿಗೆಗಳು ಒಂದೇ ಕಡೆ ಹೊಡೀತಾವೆ ಅನ್ನೋ ಭರವಸೆಯೂ ಇಲ್ಲ.

ಈಗ ಅಂಗಡಿಯವರ ಉತ್ತರಗಳು. ಇವನ್ನ ಓದಲೇಬೇಕು.

ಮೊದಲು: "ನಿಮ್ಮ ಮೌಂಟ್ (ಭುಜಕ್ಕೇರಿಸೋ ರೀತಿ) ಸರಿ ಇಲ್ಲ ಸಾರ್, ಕೋವಿ ಏನ್ ಮಾಡುತ್ತೆ?" ವರ್ನಿಯರ್ ಫೋಟೋ ಕಳಿಸಿದ ಮೇಲೆ: "ಸ್ಕ್ರೂ ಚೋಕ್ (ತುದಿಗೆ ತಿರುಗಿಸಿ ಹಾಕೋ ಚೋಕ್) ಹಾಕಿಸ್ಕೊಳ್ಳಿ." ಕತ್ತರಿಸಿದ ತೆಳು ನಳಿಗೆಯ ಒಳಗೆ ಥ್ರೆಡ್ ಎಲ್ಲಿ ಹಾಕ್ತಾರೆ? ಗೋಡೆಯೇ ಉಳಿಯಲ್ಲ. ಆಮೇಲೆ: "ಹಾಗಾದ್ರೆ ಸ್ಕೀಟ್ (ಹತ್ತಿರದ ಬಿಲ್ಲೆ ಹೊಡೆಯೋ ಇನ್ನೊಂದು ಸ್ಪರ್ಧೆ) ಹೊಡೀರಿ, ಸ್ಕೀಟಿಗೆ ಚೋಕ್ ಬೇಡವಲ್ಲ." ಹೌದು ಬೇಡ, ಅಲ್ಲಿ ಬಿಲ್ಲೆ ಸಿಗೋದು 20 ಮೀಟರ್ ಆಸುಪಾಸಿನಲ್ಲಿ. ಆದ್ರೆ ದುಡ್ಡು ಎಣಿಸಿಕೊಂಡಿದ್ದು ಟ್ರ್ಯಾಪ್ ಗನ್ನಿಗೆ. ಕೊನೆಗೆ ನಗ್ತಾ: "ಕೊಡಗಿನವರಿಗೆ ಕೋವಿ ಬಗ್ಗೆ ನಾವು ಹೇಳಿಕೊಡ್ಬೇಕಾ ಸಾರ್?" ನಮ್ಮ ಕೋವಿ ಹಬ್ಬ ಕೈಲ್ ಮುಹೂರ್ತದಲ್ಲಿ ಗುರಿ ಇಡೋ ಮರದ ಮೇಲಿನ ತೆಂಗಿನಕಾಯಿ ಕದಲದೆ ಕೂತಿರುತ್ತೆ ಮಾರಾಯ, ಅದಕ್ಕೂ ಇದಕ್ಕೂ ಏನು ಸಂಬಂಧ?

ವಾಪಸ್ ತಗೊಳ್ಳಿ ಅಂದ್ರೆ: "ನಂಬರ್ ನಿಮ್ಮ ಲೈಸೆನ್ಸಿಗೆ ಏರಿದ ಮೇಲೆ ಅದು ನಿಮ್ಮ ಕೋವಿ." ಇದೇ ಅವರ ಬ್ರಹ್ಮಾಸ್ತ್ರ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಲೈಸೆನ್ಸ್‌ನವರಿಗೆ ಇರೋದೇ ಎರಡು ಕೋವಿ, ಅದರಲ್ಲಿ ಒಂದು ಜಾಗ ಇದಕ್ಕೆ ಹೋಯ್ತು. ಹೊರದೇಶದಿಂದ ತರಿಸೋ ಅವಕಾಶ ಎಲ್ಲರಿಗೂ ಇಲ್ಲ, ಹಳೇ ಮಾಲಿಗೆ ಲಕ್ಷಗಟ್ಟಲೆ ಬೆಲೆ ಬರೋದು ಅದಕ್ಕೇ ಅಂತ ಅವರಿಗೂ ಗೊತ್ತು.

ಇನ್ನೊಂದು ವಿಷಯ, ಇದು ಬರೀ ದುಡ್ಡಿನ ಮಾತಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅದಕ್ಕಾಗಿಯೇ ಲೈಸೆನ್ಸ್ ಇಲ್ಲದೆ ನಳಿಗೆ ಕತ್ತರಿಸೋ ಹಾಗೇ ಇಲ್ಲ. ಕೇಳಿದ್ರೆ "ಕತ್ತರಿಸಿದ್ದು ನಾವಲ್ಲ, ಹಿಂದಿನ ಓನರ್." ಹಾಗಾದ್ರೆ ಬರೆದುಕೊಡಿ ಅಂದೆ. ಅಲ್ಲಿಂದ ಫೋನ್ ಎತ್ತಿಲ್ಲ.

ನೋಡಲು ಹೋಗೋರು ವರ್ನಿಯರ್ ಜೇಬಿನಲ್ಲಿ ಇಟ್ಕೊಂಡು ಹೋಗಿ. ಎಲ್ಲಕ್ಕಿಂತ ಮೊದಲು ಬಾಯಿಯ ಒಳಅಳತೆ, ಆಮೇಲೆ ಕೆತ್ತನೆ, ವಾಲ್‌ನಟ್ ಮರ ಎಲ್ಲ. ಇಟಲಿ ನಳಿಗೆಯ ಮೇಲೆ ತೂಕವನ್ನೂ ಕೆ.ಜಿ. ಲೆಕ್ಕದಲ್ಲಿ ಒತ್ತಿರ್ತಾರೆ, ನಳಿಗೆ ಮಾತ್ರ ತಕ್ಕಡಿಗೆ ಹಾಕಿ. ಎರಡು ಇಂಚು ಹೋಗಿದ್ರೆ ಎಂಬತ್ತು ಗ್ರಾಂ ಮೇಲೆ ಕಮ್ಮಿ ತೋರಿಸುತ್ತೆ. ಫೋರ್-ಎಂಡ್ ತೆಗೆದು, ಕೋವಿ ಮುಚ್ಚಿ, ಹಿಡಿಯಲ್ಲಿ ಹಿಡಿದು ಅಲ್ಲಾಡಿಸಿ, ಟಕಟಕ ಅಂದ್ರೆ ಹಿಂಜ್ ಸವೆದಿದೆ. ಕೋವಿ ತೆರೆಯೋ ಮೇಲಿನ ಲಿವರ್ ನಡುಗೆರೆ ದಾಟಿ ಎಡಕ್ಕೆ ನಿಂತಿದ್ರೂ ಸವೆತವೇ. ಸ್ಟಾಕಿಗೆ (ಭುಜಕ್ಕೆ ಒತ್ತೋ ಮರಕ್ಕೆ) ದಪ್ಪ ರಬ್ಬರ್ ಪ್ಯಾಡ್ ಹಾಕಿದ್ರೆ ಅನುಮಾನಪಡಿ, ಒಳಗೆ ಮರ ಕತ್ತರಿಸಿರಬಹುದು. ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕಣ್ಣು ಬಿಟ್ಟಾಗ ಎರಡು ಮಣಿ ಒಂದರ ಮೇಲೊಂದು ಕೂತು ಇಂಗ್ಲಿಷಿನ 8ರ ಹಾಗೆ ಕಾಣಬೇಕು, ಟ್ರ್ಯಾಪಿಗೆ ಅದೇ ಬೇಕಾದ್ದು.

ಆಗೋದಾದ್ರೆ 40 ಗಜದಲ್ಲಿ ದೊಡ್ಡ ಕಾಗದ ಕಟ್ಟಿ, ನಳಿಗೆಗೊಂದು ಹಾಳೆ, ಬೇರೆಬೇರೆ ಹೊಡೆದು ಎಣಿಸಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಲೈಸೆನ್ಸ್ ಪುಸ್ತಕ ಕೈಯಿಂದ ಬಿಡಬೇಡಿ. ಇದೇ ಅಂಗಡಿಯವರು ಈ ವಾರ ಇನ್ನೊಂದು ಮಾಲು ಹಾಕಿದ್ದಾರೆ, ಮತ್ತೆ 28 ಇಂಚು, ಮತ್ತೆ "ಫುಲ್ ಚೋಕ್", ಫೋಟೋದಲ್ಲಿ ನಳಿಗೆಯ ತುದಿಯೇ ಇಲ್ಲ.