ವರ್ಷಗಟ್ಟಲೆ ನಿಂತ ಮಾರುತಿ 800ರಿಂದ ಹಳೇ ಪೆಟ್ರೋಲ್ ತೆಗೆಸಿದ್ದು: ಶಿವಮೊಗ್ಗದ ಒಂದು ಗ್ಯಾರೇಜಿನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಬಹಳ ಚೆನ್ನಾಗಿ ಮಾಡಿಕೊಟ್ಟರು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಒಳಗಿನ ಸಾಲಿನಲ್ಲಿರುವ ಸಣ್ಣ ಗ್ಯಾರೇಜು, ಮೇಸ್ತ್ರಿ ಮತ್ತು ಅವರ ಕೈಕೆಳಗೆ ಒಬ್ಬ ಹುಡುಗ, ಅಷ್ಟೇ. ರಿವ್ಯೂ ಬರೀತೀನಿ ಅಂದಾಗ "ಹೆಸರು ಹಾಕಬೇಡಿ ಅಕ್ಕ, ಇರೋ ಕೆಲಸಾನೇ ಮುಗೀತಿಲ್ಲ" ಅಂದರು. ಅದಕ್ಕೇ ಇಲ್ಲಿ ಹೆಸರಿಲ್ಲ. ಆದರೆ ಅವರು ಏನು ಮಾಡಿದರು, ಯಾಕೆ ಮಾಡಿದರು ಅನ್ನುವುದನ್ನು ವಿವರವಾಗಿ ಬರೆಯುತ್ತೇನೆ. ನಿಮ್ಮೂರಿನ ಮೆಕ್ಯಾನಿಕ್ ಇದನ್ನೇ ಮಾಡುತ್ತಾರಾ ಅಂತ ಕೇಳಿ ನೋಡಿಕೊಳ್ಳಬಹುದು.

ಕಾರು ನಮ್ಮ ಮಾವನವರದ್ದು. 1997ರ ಮಾಡೆಲ್ ಮಾರುತಿ 800, ಕಾರ್ಬೋರೇಟರ್ (ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವುದು. 2020ರ ಲಾಕ್‌ಡೌನ್‌ನಲ್ಲಿ ತೀರ್ಥಹಳ್ಳಿ ಹತ್ತಿರದ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದ್ದು, ಆಮೇಲೆ ಮಾವನ ಮೊಣಕಾಲು ನೋವಿನಿಂದ ಹಾಗೇ ನಿಂತುಹೋಯಿತು. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇತ್ತು. ಮಲೆನಾಡಿನ ಮಳೆಗಾಲ ಹೇಗಿರುತ್ತದೆ ಅಂತ ಗೊತ್ತಲ್ವಾ, ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವ ಜಾಗದಲ್ಲಿ ಅರ್ಧ ಖಾಲಿ ಟ್ಯಾಂಕು ಅಷ್ಟು ಮಳೆಗಾಲ ಕಳೆದಿದೆ.

ಇದಕ್ಕೆ ಮೊದಲು ಇನ್ನೊಂದು ಕಡೆ ಫೋನ್ ಮಾಡಿ ಕೇಳಿದ್ದೆವು. "ಐದು ಲೀಟರ್ ಹೊಸ ಪೆಟ್ರೋಲ್ ಹಾಕಿ, ಹೊಸ ಬ್ಯಾಟರಿ ಕೂರಿಸಿ, ಸೆಲ್ಫ್ ಹೊಡೀರಿ, ಸ್ಟಾರ್ಟ್ ಆಗತ್ತೆ" ಅಂದರು. ಕೆಲವು ತಿಂಗಳು ನಿಂತ ಗಾಡಿಗೆ ಈ ಮಾತು ನಡೆಯುತ್ತದೆ. ವರ್ಷಗಟ್ಟಲೆ ನಿಂತಿದ್ದಕ್ಕೆ ಖಂಡಿತ ಬೇಡ. ಈ ಮೇಸ್ತ್ರಿ ಫೋನಿನಲ್ಲಿ ಹೇಳಿದ ಮೊದಲ ಮಾತೇ ಬೇರೆ: "ಕೀ ಮುಟ್ಟಲೇಬೇಡಿ. ಹಾಗೇ ಎತ್ತಿಸ್ಕೊಂಡು ಬನ್ನಿ." ಆ ಒಂದು ಮಾತಿಗೇ ನಮಗೆ ನಂಬಿಕೆ ಬಂತು.

ಯಾಕೆ ಮುಟ್ಟಬಾರದು ಅಂದರೆ, ಪೆಟ್ರೋಲ್ ಅನ್ನುವುದು ಒಂದೇ ಪದಾರ್ಥ ಅಲ್ಲ, ಬೇಗ ಆವಿಯಾಗುವುದು, ನಿಧಾನ ಆವಿಯಾಗುವುದು ಎಲ್ಲ ಸೇರಿದ ಮಿಶ್ರಣ. ಎಂಜಿನ್ ತಣ್ಣಗಿರುವಾಗ ಹೊತ್ತಿಕೊಳ್ಳುವುದೇ ಆ ಬೇಗ ಆವಿಯಾಗುವ ಭಾಗ, ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ಗಾಳಿಯ ಆಕ್ಸಿಜನ್ ಜೊತೆ ಸೇರಿ ನಿಧಾನವಾಗಿ ಅಂಟಾಗುತ್ತದೆ, ಕೊನೆಗೆ ವಾರ್ನಿಷ್ ತರ ಗಟ್ಟಿಯಾಗಿ ಕೂರುತ್ತದೆ. ಇದನ್ನು ಎಂಜಿನ್ನಿಗೆ ಎಳೆಸಿದರೆ ಮೊದಲು ಫಿಲ್ಟರು, ಆಮೇಲೆ ಕಾರ್ಬೋರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟು ಕಟ್ಟಿಕೊಳ್ಳುತ್ತವೆ. ಇನ್ನೂ ಕೆಟ್ಟದ್ದು ಒಂದಿದೆ. ಕೆಲವು ಸಲ ಇಂಥ ಪೆಟ್ರೋಲಿನಲ್ಲೂ ಗಾಡಿ ಸ್ಟಾರ್ಟ್ ಆಗಿಬಿಡುತ್ತದೆ, ಎಲ್ಲರೂ ಖುಷಿಯಾಗುತ್ತಾರೆ. ಬಿಸಿ ಇರುವಷ್ಟು ಹೊತ್ತು ಅಂಟು ಮೆತ್ತಗಿರುತ್ತದೆ. ರಾತ್ರಿ ಎಂಜಿನ್ ತಣ್ಣಗಾದ ಮೇಲೆ ಅದೇ ಅಂಟು ವಾಲ್ವಿನ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆದರೆ ವಾಲ್ವು ಅಲ್ಲಾಡುವುದಿಲ್ಲ. ಕೆಲವು ಸಾವಿರದಲ್ಲಿ ಮುಗಿಯುವ ಕೆಲಸ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚುವ ತನಕ ಹೋಗುತ್ತದೆ.

ಇದರ ಮೇಲೆ ಎಥನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್, ಅದರ ಕಾಟ ಬೇರೆ. 2020ರಲ್ಲಿ ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಸರಾಸರಿ 5% ಆಸುಪಾಸು ಇತ್ತು. 2022ರ ಜೂನ್ ಹೊತ್ತಿಗೆ 10% ಆಯಿತು, 20% ಎಥನಾಲ್ ಇರುವ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಒಂದು ಮಟ್ಟದವರೆಗೆ ಆ ನೀರು ಪೆಟ್ರೋಲಿನಲ್ಲೇ ಕರಗಿರುತ್ತದೆ. ಜಾಸ್ತಿ ಆದಾಗ ಎಥನಾಲೂ ನೀರೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. 10% ಎಥನಾಲ್ ಇರುವ ಪೆಟ್ರೋಲಿಗೆ ಸುಮಾರು 0.5% ನೀರು ಸೇರಿದರೆ ಸಾಕು. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪೈಪು ಇರುವುದೂ ತಳದಲ್ಲೇ, ಹಾಗಾಗಿ ಮೇಲಿಂದ ಎಷ್ಟೇ ಹೊಸ ಪೆಟ್ರೋಲ್ ಸುರಿದರೂ ಮೊದಲು ಒಳಗೆ ಹೋಗುವುದು ಆ ನೀರೇ.

ಇದನ್ನು ಮೇಸ್ತ್ರಿ ಕಣ್ಣೆದುರೇ ತೋರಿಸಿದರು. ಕೈ ಪಂಪಿನಿಂದ ಟ್ಯಾಂಕಿನ ತಳದ ಸ್ವಲ್ಪ ಪೆಟ್ರೋಲ್ ತೆಗೆದು ಗಾಜಿನ ಬಾಟಲಿಗೆ ಹಾಕಿ ಬೆಂಚಿನ ಮೇಲೆ ಸುಮ್ನೆ ಬಿಟ್ಟರು. ಮೇಲೆ ಕಷಾಯದ ಬಣ್ಣ. ಕೆಳಗೆ ಎರಡು ಬೆರಳಷ್ಟು ಮಬ್ಬಾದ ಪದರ, ಅದರ ಅಡಿಯಲ್ಲಿ ತುಕ್ಕಿನ ಚೂರು. ಬಾಟಲಿ ಓರೆ ಮಾಡಿದರೆ ಎರಡರ ನಡುವಿನ ಗೆರೆ ಓಡಾಡುತ್ತಿತ್ತು. ವಾಸನೆಯಂತೂ ಪೆಟ್ರೋಲಿನದ್ದೇ ಅಲ್ಲ, ಹುಳಿ ಹುಳಿ, ಹಳೇ ಪೇಂಟ್ ಡಬ್ಬಿ ತೆಗೆದಾಗ ಬರುತ್ತದಲ್ಲ, ಅದು. "ಈಗ ಹೇಳಿ, ಇದನ್ನ ಎಂಜಿನ್‌ಗೆ ಕುಡಿಸ್ಲಾ?" ಅಂದರು. ಮಾವ ತಲೆ ಅಲ್ಲಾಡಿಸಿದರು.

ಆಮೇಲೆ ಟ್ಯಾಂಕನ್ನೇ ಕೆಳಗಿಳಿಸಿದರು. ತುಂಬಾ ಜನ ಇಲ್ಲೇ ಉಳಿತಾಯ ಮಾಡಲು ಹೋಗುತ್ತಾರೆ, ಮೇಲಿಂದ ಎಳೆದಷ್ಟು ಎಳೆದು ಬಿಡುತ್ತಾರೆ. ಇವರು ಪೂರ್ತಿ ಖಾಲಿ ಮಾಡಿ, ಎರಡು ಸಲ ತೊಳೆದು, ಗಾಳಿ ಹೊಡೆದು ಒಣಗಿಸಿ, ಸಣ್ಣ ಟಾರ್ಚು ಬಿಟ್ಟು ಒಳಗೆ ತೋರಿಸಿದರು. ಅಲ್ಲಲ್ಲಿ ತೆಳು ತುಕ್ಕು ಇತ್ತು, ತೂತಿರಲಿಲ್ಲ. ತೂತಿದ್ದರೆ ವೆಲ್ಡಿಂಗ್ ಮಾಡಿಸ್ತೀರಾ ಅಂತ ಕೇಳಿದ್ದಕ್ಕೆ ಸಿಟ್ಟೇ ಬಂತು ಅವರಿಗೆ. ಖಾಲಿ ಟ್ಯಾಂಕಿನಲ್ಲಿ ಆವಿ ತುಂಬಿರುತ್ತದೆ, ತುಂಬಿದ ಟ್ಯಾಂಕಿಗಿಂತ ಅದೇ ಅಪಾಯ ಅಂದರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಗುಂಡಿಯಲ್ಲಿ ಕೂರುತ್ತದೆ. ಅದಕ್ಕೇ ಈ ಕೆಲಸವನ್ನೆಲ್ಲ ಅವರು ಶೆಡ್ಡಿನ ಹೊರಗೆ, ಬಯಲಲ್ಲಿ ಮಾಡಿದರು. ಪೈಪಿಗೆ ಬಾಯಿ ಹಾಕಿ ಎಳೆಯುವುದು ಅಲ್ಲಿ ಇಲ್ಲವೇ ಇಲ್ಲ. ಮನೆಯಲ್ಲಿ ಮಾಡುವವರು ದಯವಿಟ್ಟು ಇದೊಂದನ್ನು ಮಾಡಬೇಡಿ, ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ಕಾರ್ಬೋರೇಟರ್ ಬಿಚ್ಚಿದಾಗ ಅದರೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನ (ಫ್ಲೋಟ್ ಚೇಂಬರ್) ತಳದಲ್ಲಿ ಕಂದು ಅಂಟು, ಅಂಚಿನಲ್ಲಿ ಬಿಳಿ ಪುಡಿ. ಹಿತ್ತಾಳೆಯ ಜೆಟ್ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದು ನನ್ನ ಕೈಗೆ ಕೊಟ್ಟರು. ಸೂಜಿ ಮೊನೆಯಷ್ಟು ತೂತು ಇರಬೇಕಾದ ಕಡೆ ಏನೂ ಕಾಣಲಿಲ್ಲ, ಪೂರ್ತಿ ಕಟ್ಟಿತ್ತು. ಹುಡುಗ ತಂತಿ ತಂದರೆ ಬೇಡ ಅಂದರು. ತಂತಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಜೀವನಪೂರ್ತಿ ಮೈಲೇಜ್ ಕೊಡುವುದಿಲ್ಲ. ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟು, ಬೆಳಿಗ್ಗೆ ಗಾಳಿ ಹೊಡೆದು, ಮತ್ತೆ ಬೆಳಕಿಗೆ ಹಿಡಿದು ನೋಡಿಯೇ ಕೂರಿಸಿದ್ದು. ಗ್ಯಾಸ್ಕೆಟ್ ಕಿಟ್, ಫಿಲ್ಟರ್, ಪೆಟ್ರೋಲ್ ಪೈಪುಗಳೆಲ್ಲ ಹೊಸದು. 800 ಬರುವುದು 2014ಕ್ಕೇ ನಿಂತರೂ ಸಾಮಾನು ಇನ್ನೂ ಸಿಗುತ್ತದೆ. ಪೈಪು ಮಾತ್ರ ಎಥನಾಲ್ ತಡೆಯುವಂಥದ್ದನ್ನೇ ಹಾಕಿಸಿ, ಹಳೇ ಕಾಲದ ರಬ್ಬರು ಇ20ಗೆ ಮಾಡಿದ್ದಲ್ಲ.

ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ಬಿಚ್ಚಿ, ಮೂರೂ ಸಿಲಿಂಡರಿಗೆ ಒಂದಿಷ್ಟು ಎಂಜಿನ್ ಆಯಿಲ್ ಬಿಟ್ಟು, ಪಾನಾ ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಿದರು. ಆಯಿಲ್ಲೂ ಬದಲಿಸಿದರು. ಆಮೇಲೆ ಚೋಕ್ ಎಳೆದು ಸೆಲ್ಫ್ ಹೊಡೆದದ್ದು. ಸ್ವಲ್ಪ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಎಂಜಿನ್ ಹದಕ್ಕೆ ಬಂತು. ಮಾವ ಬಾನೆಟ್ ಮೇಲೆ ಕೈಯಿಟ್ಟುಕೊಂಡೇ ಇದ್ದರು.

ತೆಗೆದ ಪೆಟ್ರೋಲನ್ನು ತೋಟದ ಹುಲ್ಲು ಕತ್ತರಿಸುವ ಮಷಿನ್ನಿಗೆ ಹಾಕಿ ಮುಗಿಸೋಣ ಅಂತ ಮಾವನ ಆಸೆ ಇತ್ತು. ಮೇಸ್ತ್ರಿ ಕೊಡಲಿಲ್ಲ, ಇಷ್ಟು ದೊಡ್ಡ ಎಂಜಿನ್ನಿಗೆ ಆಗದ್ದು ಆ ಪುಟಾಣಿ ಕಾರ್ಬೋರೇಟರಿಗೆ ಹೇಗೆ ಆಗುತ್ತದೆ ಅಂದರು. ಚರಂಡಿಗೂ ಚೆಲ್ಲಲಿಲ್ಲ. ನನಗೆ ಅತೀ ಇಷ್ಟವಾದದ್ದು ಇದು. ನಮ್ಮ ಕಡೆ ಬಾವಿ ನೀರು ಕುಡಿಯುತ್ತೇವೆ, ಚೆಲ್ಲಿದ ಪೆಟ್ರೋಲ್ ಮಣ್ಣಿನಲ್ಲಿ ಇಳಿದು ಎಲ್ಲಿಗೆ ಹೋಗುತ್ತದೆ? ಇವರು ಅದನ್ನು ಮುಚ್ಚಳದ ಕಬ್ಬಿಣದ ಕ್ಯಾನಿಗೆ ತುಂಬಿ, ಹಳೇ ಆಯಿಲ್ಲಿನ ಜೊತೆ ಬೆರೆಸದೆ ಬೇರೆ ಇಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ತ್ಯಾಜ್ಯದವರಿಗೆ ಕೊಡುತ್ತಾರೆ.

ಇಂಜೆಕ್ಷನ್ ಕಾರು (ಕಾರ್ಬೋರೇಟರ್ ಇಲ್ಲದೆ ಪಂಪಿನ ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವಂಥದ್ದು) ಇರುವವರಿಗೂ ಒಂದು ಮಾತು. ಅದರಲ್ಲಿ ಕೀಯನ್ನು ಬರೀ ಆನ್‌ಗೆ ತಿರುಗಿಸಿದರೂ ಟ್ಯಾಂಕಿನೊಳಗಿನ ಪಂಪು ಒಂದೆರಡು ಸೆಕೆಂಡ್ ಓಡಿ ಪೆಟ್ರೋಲನ್ನು ಮುಂದೆ ತಳ್ಳಿಬಿಡುತ್ತದೆ. ಪಂಪಿನ ಫ್ಯೂಸ್ ತೆಗೆದಿಟ್ಟು ಮುಂದಿನ ಕೆಲಸ ಮಾಡಿಸಿ. ಇನ್ನು ಪೆಟ್ರೋಲ್ ಬೇಗ ಕೆಡದಂತೆ ಬೆರೆಸುವ ಸ್ಟೆಬಿಲೈಸರ್ ಅಂತ ಬಾಟಲಿ ಸಿಗುತ್ತದಲ್ಲ, ಅದನ್ನು ಹಾಕಬೇಕಾದದ್ದು ಗಾಡಿ ನಿಲ್ಲಿಸುವ ಮುಂಚೆ, ಹೊಸ ಪೆಟ್ರೋಲಿಗೆ. ಕೆಟ್ಟ ಪೆಟ್ರೋಲನ್ನು ಅದು ಸರಿ ಮಾಡುವುದಿಲ್ಲ.

ಬೇಸರದ ವಿಷಯವೂ ಇದೆ. ಹೇಳಿದ ದಿನಕ್ಕೆ ಗಾಡಿ ಸಿಗಲಿಲ್ಲ, ಕಿಟ್ ಬೆಂಗಳೂರಿನಿಂದ ಬರಬೇಕಿತ್ತು, ಅದನ್ನು ಅವರಾಗಿ ಫೋನ್ ಮಾಡಿ ಹೇಳಲೂ ಇಲ್ಲ. ಬಿಲ್ಲು ಚೀಟಿಯಲ್ಲಿ ಬರೆದ ಒಂದೇ ಮೊತ್ತ, ಕೇಳಿದ ಮೇಲೆ ಸಾಮಾನಿಗೆಷ್ಟು ಮಜೂರಿಗೆಷ್ಟು ಅಂತ ಬಿಡಿಸಿ ಕೊಟ್ಟರು. ಎಲ್ಲ ಸೇರಿ ಎಂಟು ಸಾವಿರದ ಒಳಗೆ ಮುಗಿಯಿತು, ಬ್ಯಾಟರಿ ಮತ್ತು ತೀರ್ಥಹಳ್ಳಿಯಿಂದ ಎತ್ತಿಸಿಕೊಂಡು ಬಂದ ಬಾಡಿಗೆ ಬೇರೆ. ಬ್ರೇಕು, ಟೈರಿನ ಕೆಲಸ ಅವರು ಮಾಡುವುದಿಲ್ಲ, ಪಕ್ಕದ ಅಂಗಡಿಗೆ ಕಳಿಸುತ್ತಾರೆ, ಅದಕ್ಕೂ ಒಂದು ದಿನ ಇಟ್ಟುಕೊಂಡು ಹೋಗಿ.